ನೀರಿನ ಬಿಲ್ಲು ಯಾರ ಹೆಸರಿಗೆ, ಹೊರೆ ಯಾರ ತಲೆಗೆ?

ಸುಬ್‌ಹಿ ನಂತರದ ಮದ್ರಸ ತರಗತಿ ಮುಗಿದು ಮಕ್ಕಳೆಲ್ಲ ಮನೆಗೆ ಓಡುವ ಹೊತ್ತಿಗೆ ನಾಲ್ಕನೇ ತರಗತಿಯ ಒಂದು ಹೆಣ್ಣು ಮಗು ದಿನಾ ಹಿಂದೆ ಉಳಿಯುತ್ತಿತ್ತು. ವುಳೂ ಮಾಡುವ ನಲ್ಲಿಯ ಹತ್ತಿರ ಹೋಗಿ, ಬ್ಯಾಗಿನಿಂದ ಎರಡು ದೊಡ್ಡ ಬಾಟಲಿ ತೆಗೆದು ತುಂಬಿಸಿಕೊಳ್ಳುತ್ತಿತ್ತು. ಮೂರು ದಿನ ನೋಡಿಯೂ ನೋಡದವರ ಹಾಗೆ ಇದ್ದೆವು. ನಾಲ್ಕನೇ ದಿನ ಗದರಿದೆವು. ಇದು ಪಳ್ಳಿಯ ನೀರು, ವುಳೂಗೆ ಅಂತ ಇಟ್ಟದ್ದು, ಮನೆಗೆ ಒಯ್ಯುವ ಹಾಗಿಲ್ಲ ಎಂದೆವು. ಮಗು ಎದುರು ಮಾತಾಡಲಿಲ್ಲ. ಒಂದು ಬಾಟಲಿಯನ್ನು ಹೌಳ್‌ಗೆ ಸುರಿದು, ಇನ್ನೊಂದನ್ನು ಎದೆಗೆ ಒತ್ತಿ ಹಿಡಿದು ನಿಂತಿತು. "ಉಸ್ತಾದ್, ಇದು ಮಾತ್ರ. ಉಮ್ಮನಿಗೆ ಅನ್ನಕ್ಕೆ ಇಡ್ಲಿಕ್ಕೆ" ಎಂದಿತು.

ಕಿತಾಬಿನ ಪ್ರಕಾರ ನಾವು ಗದರಿದ್ದು ತಪ್ಪಲ್ಲ. ವುಳೂಗೆಂದು ಮೀಸಲಿಟ್ಟ ನೀರನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ ಎಂಬುದು ನಮ್ಮ ಶಾಫಿಈ ಮದ್‌ಹಬಿನಲ್ಲಿ ಮಕ್ಕಳಿಗೂ ಕಲಿಸುವ ಮಾತು. ಆದರೆ ಆ ದಿನ ಆ ಮಸ್‌ಅಲ ನಮ್ಮ ಗಂಟಲಲ್ಲೇ ಸಿಕ್ಕಿಕೊಂಡಿತು. ಸಂಜೆ ಆ ಮನೆಗೆ ಹೋಗಿ ನೋಡಿದೆವು.

ಮಾವಳ್ಳಿ ಎಂದರೆ ಊರವರಿಗೆಲ್ಲ ನೆನಪಾಗುವುದು ಲಾಲ್‌ಬಾಗ್ ರಸ್ತೆಯ, 1924ರಿಂದ ನಡೆದು ಬಂದ ಟಿಫಿನ್ ರೂಮು ಮತ್ತು ಅದರ ಮುಂದಿನ ಕ್ಯೂ. ಆ ಕ್ಯೂ ದಾಟಿ ಒಳಗಿನ ಓಣಿಗಳಿಗೆ ಬಂದವರು ಕಡಿಮೆ. ಇಲ್ಲಿ ಈಗಲೂ ವಠಾರಗಳು ಉಂಟು. ಒಂದು ಗೇಟು, ಒಳಗೆ ಸಾಲಾಗಿ ಆರೇಳು ಮನೆ, ಮಧ್ಯದಲ್ಲಿ ಒಂದು ಸಂಪು, ಮೇಲೆ ಒಂದು ಟ್ಯಾಂಕು. ಮಗುವಿನ ಮನೆ ಅಂಥ ಒಂದು ವಠಾರದ್ದು. ತಂದೆ ತೀರಿಕೊಂಡು ಎರಡು ವರ್ಷ. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ನೀರಿನ ಬಾಬ್ತು ಎಂದು ತಿಂಗಳಿಗೆ ಮಾಲಕರಿಗೆ ಕೊಡಬೇಕಾದದ್ದು 500 ರೂಪಾಯಿ. ನಾಲ್ಕು ತಿಂಗಳು ಕೊಡಲಾಗಿಲ್ಲ. ಮಾಲಕರು ಆ ಮನೆಗೆ ಹೋಗುವ ಪೈಪಿನ ವಾಲ್ವ್ ತಿರುಗಿಸಿ ಬಿಟ್ಟಿದ್ದರು.

ಮಾಲಕರೂ ನಮ್ಮವರೇ. ಕರಾವಳಿಯಿಂದ ಬಂದು, ಅಂಗಡಿ ಇಟ್ಟು, ಬೆವರು ಸುರಿಸಿ ಒಂದು ಕಟ್ಟಡ ಮಾಡಿಕೊಂಡವರು. ಜುಮಾ ದಿನ ಮೊದಲ ಸಾಲಿನಲ್ಲಿ ಕೂರುವವರು. ಕೇಳಿದಾಗ ಬಿಲ್ಲಿನ ಕಾಗದ ತಂದು ತೋರಿಸಿದರು. "ನಾನೇನು ಲಾಭ ಮಾಡ್ತಿಲ್ಲ ಉಸ್ತಾದ್, ನೀವೇ ನೋಡಿ" ಎಂದರು. ನೋಡಿದೆವು. ಆ ಕಾಗದ ಓದಲು ಕಲಿತದ್ದರಿಂದಲೇ ಈ ಲೇಖನ ಬರೆಯಬೇಕು ಅನ್ನಿಸಿತು.

ಮೊದಲು ಒಂದು ವಿಷಯ. ನಾವು ಮಳೆನಾಡಿನವರು. ಮಂಗಳೂರಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಊರಿನ ಮನೆಯ ಹಿಂದೆ ಬಾವಿ, ಬಾವಿಗೆ ಹಗ್ಗ, ಬೇಸಿಗೆಯಲ್ಲಿ ನೀರು ತಳ ಕಂಡರೆ ಪಕ್ಕದ ಮನೆಯ ಬಾವಿ. ಜಾತಿ ಮತ ಕೇಳದೆ ಕೊಡ ಇಳಿಸಿದ್ದುಂಟು. ನೀರಿಗೆ ದುಡ್ಡು ಎಂಬುದು ನಮ್ಮ ಅಜ್ಜಿಯರಿಗೆ ನಗೆಯ ಮಾತು. ಅದೇ ಮನಸ್ಸು ಹೊತ್ತು ಬೆಂಗಳೂರಿಗೆ ಬಂದ ನಮಗೆ ನೀರಿನ ಬಿಲ್ಲು ಕಂಡರೆ, ಅಲ್ಲಾಹನು ಕೊಟ್ಟ ನೀರಿಗೆ ಇವರದೇನು ಬಿಲ್ಲು ಎಂದು ಸಿಟ್ಟು ಬರುತ್ತದೆ. ಸಿಟ್ಟು ಬರಲಿ, ಆದರೆ ಲೆಕ್ಕವೂ ಗೊತ್ತಿರಲಿ. ಬೆಂಗಳೂರು ನದಿಯ ದಡದ ಊರಲ್ಲ. 1896ರಲ್ಲಿ ಹೆಸರಘಟ್ಟದಿಂದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ. 1974ರಿಂದ ಕಾವೇರಿ. ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಕರೆಂಟಿನ ಬಲದಿಂದ ನೂಕಿ ತರುವ ನೀರು ಇದು. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೇ ಹಂತ ಸೇರಿದ ಮೇಲೆ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರಬಹುದು. ಇಷ್ಟನ್ನು ಯಾರೂ ಪುಕ್ಕಟೆ ಹೊತ್ತು ತರುವುದಿಲ್ಲ. ಬಳಸಿ ಬಿಟ್ಟ ನೀರನ್ನು ಒಳಚರಂಡಿಯಲ್ಲಿ ಸಾಗಿಸಿ ಶುದ್ಧ ಮಾಡುವ ಖರ್ಚು ಬೇರೆ.

ಶರೀಅತ್ ಕೂಡ ಇಲ್ಲಿ ವ್ಯತ್ಯಾಸ ಮಾಡುತ್ತದೆ. ಹರಿಯುವ ನೀರು, ಮಳೆಯ ನೀರು ಎಲ್ಲರಿಗೂ ಸೇರಿದ್ದು. ಆದರೆ ಅದನ್ನು ಪಾತ್ರೆಯಲ್ಲಿ ಹಿಡಿದು ಹೊತ್ತು ತಂದವನು ಆ ನೀರಿಗೆ ಬೆಲೆ ಪಡೆಯಬಹುದು. ಮದೀನದ ರೂಮ ಬಾವಿಯ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಆ ಬಾವಿಯ ಒಡೆಯ ನೀರು ಮಾರುತ್ತಿದ್ದ, ಬಡವರಿಗೆ ಕಷ್ಟವಾಗುತ್ತಿತ್ತು. ಉಸ್ಮಾನ್ (ರ) ಅವರು ಅದನ್ನು ಕೊಂಡು ವಕ್ಫ್ ಮಾಡಿದರು. ಎಷ್ಟು ದಿರ್ಹಂ ಕೊಟ್ಟರೆಂಬುದರಲ್ಲಿ ವರದಿಗಳು ಬೇರೆ ಬೇರೆ ಉಂಟು. ನಾವು ಪಾಠ ಮಾಡುವಾಗ ಅವರ ಔದಾರ್ಯವನ್ನೇ ಹೇಳಿ ಮುಂದೆ ಹೋಗುತ್ತೇವೆ. ಇನ್ನೊಂದು ಸಂಗತಿಯನ್ನು ನಾವೂ ಈಚೆಗಷ್ಟೇ ಗಮನಿಸಿದ್ದು. ಉಸ್ಮಾನ್ (ರ) ಒಡೆಯನ ಬಾವಿಯನ್ನು ಕಿತ್ತುಕೊಳ್ಳಲಿಲ್ಲ, ಬೆಲೆ ಕೊಟ್ಟರು. ಬೆಲೆ ಇಲ್ಲದಂತೆ ಮಾಡಲಿಲ್ಲ, ಅದನ್ನು ಬಡವನ ತಲೆಯಿಂದ ತಮ್ಮ ತಲೆಗೆ ಎತ್ತಿಕೊಂಡರು. ಹಾಗಾಗಿ ನೀರಿಗೆ ದುಡ್ಡು ಬೇಕೇ ಬೇಡವೇ ಎಂಬ ಚರ್ಚೆ ನಮಗೆ ಬೇಡ. ಯಾರು ಎಷ್ಟು ಕೊಡಬೇಕು, ಈಗ ಯಾರು ಎಷ್ಟು ಕೊಡುತ್ತಿದ್ದಾರೆ ಎಂಬುದನ್ನು ನೋಡೋಣ.

ಜಲಮಂಡಳಿಯ ಮನೆ ಬಳಕೆಯ ದರ 2014ರ ನವೆಂಬರಿನಿಂದ ಹನ್ನೊಂದು ವರ್ಷದ ಹತ್ತಿರ ಒಂದೇ ಇತ್ತು. ಮೊದಲ 8 ಸಾವಿರ ಲೀಟರಿಗೆ ಸಾವಿರಕ್ಕೆ 7 ರೂಪಾಯಿ, 8ರಿಂದ 25 ಸಾವಿರದವರೆಗೆ 11, 25ರಿಂದ 50 ಸಾವಿರದವರೆಗೆ 26, ಅದಕ್ಕೆ ಮೇಲೆ 45. 2025ರ ಏಪ್ರಿಲಿನಲ್ಲಿ ಇದು ಏರಿತು. ಮೊದಲ ಹಂತಕ್ಕೆ ಲೀಟರಿಗೆ 0.15 ಪೈಸೆ, ಎರಡನೆಯದಕ್ಕೆ 0.40, ಮೂರನೆಯದಕ್ಕೆ 0.80, ನಂತರದ್ದಕ್ಕೆ 1 ಪೈಸೆ. ಮುಂದೆ ಪ್ರತಿ ಏಪ್ರಿಲಿಗೆ ಶೇ. 3ರಷ್ಟು ಏರಿಕೆ ಎಂದೂ ಹೇಳಿಬಿಟ್ಟರು. ಒಳಚರಂಡಿ ಶುಲ್ಕ ಇದರ ಜೊತೆಗೆ ಬರುತ್ತದೆ. ಬೋರ್‌ವೆಲ್ ಇದ್ದರೆ ಅದಕ್ಕೂ ಬೇರೆ ಕಟ್ಟಬೇಕು.

ಕಡಿಮೆ ಬಳಸುವವರಿಗೆ ಕಡಿಮೆ ದರ, ಹೆಚ್ಚು ಬಳಸುವವರಿಗೆ ಹೆಚ್ಚು ದರ. ಕೇಳಲಿಕ್ಕೆ ನ್ಯಾಯವಾಗಿಯೇ ಉಂಟು. ಮೊದಲ ಹಂತ ಬಡವರಿಗೆ ಎಂದು ಇಟ್ಟದ್ದು. ತಿಂಗಳಿಗೆ 8 ಸಾವಿರ ಲೀಟರ್ ಬಳಸಿದ ಮನೆಗೆ 2025ರ ಏಪ್ರಿಲಿನ ಲೆಕ್ಕದಲ್ಲಿ ನೀರಿನ ದರ 68 ರೂಪಾಯಿ ಮಾತ್ರ. ಅರುವತ್ತೆಂಟು ರೂಪಾಯಿಗೆ ಯಾರ ಮನೆ ಮುಳುಗುತ್ತದೆ ಎಂದು ಕೇಳುವವರಿದ್ದಾರೆ. ಆದರೆ ಆ ಮಗುವಿನ ತಾಯಿ ಕೊಡಬೇಕಾದದ್ದು 500. ಇದು ಹೇಗೆ?

ಆ ವಠಾರದಲ್ಲಿ ಆರು ಮನೆಗೆ ಮೀಟರು ಒಂದೇ. ಬಿಲ್ಲಿನಲ್ಲಿ ಹೆಸರು ಒಂದೇ. ಒಂದೇ ಮನೆಯೆಂದು ದಾಖಲಾದ ಸಂಪರ್ಕಕ್ಕೆ ಲೆಕ್ಕ ಹೀಗೆ ಓಡುತ್ತದೆ: ಆರು ಮನೆಯವರು ತಲಾ 8 ಸಾವಿರ ಲೀಟರ್ ಬಳಸಿದರೆ ಒಟ್ಟು 48 ಸಾವಿರ. ಮೊದಲ 8 ಸಾವಿರಕ್ಕೆ 68, ಮುಂದಿನ 17 ಸಾವಿರಕ್ಕೆ ಹದಿನೈದರಂತೆ 255, ಉಳಿದ 23 ಸಾವಿರಕ್ಕೆ ಮೂವತ್ತನಾಲ್ಕರಂತೆ 782. ಒಟ್ಟು 1,105 ರೂಪಾಯಿ. ಆರು ಮನೆಗೂ ಬೇರೆ ಬೇರೆ ಮೀಟರು ಇದ್ದಿದ್ದರೆ ಆರು ಅರುವತ್ತೆಂಟು, 408. ಅಂದರೆ ಎರಡೂವರೆ ಪಟ್ಟಿಗಿಂತ ಹೆಚ್ಚು.

ಇನ್ನೊಂದು ರೀತಿಯಲ್ಲಿ ನೋಡಿ. ಐದು ಜನರ ಮನೆಗೆ 8 ಸಾವಿರ ಲೀಟರ್ ಎಂದರೆ ಒಬ್ಬರಿಗೆ ದಿನಕ್ಕೆ 53 ಲೀಟರ್. ಸ್ನಾನ, ಪಾತ್ರೆ, ಬಟ್ಟೆ, ಪಾಯಿಖಾನೆ, ಐದು ಹೊತ್ತಿನ ವುಳೂ ಎಲ್ಲ ಅದರಲ್ಲೇ. ದೊಡ್ಡ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕೆಂಬುದು ಕೇಂದ್ರ ಸರಕಾರದ್ದೇ ಮಾನದಂಡ. ಅದೇ ರಸ್ತೆಯ ಆಚೆ, ಸ್ವಂತ ಮೀಟರಿರುವ ಒಂದು ಸ್ವತಂತ್ರ ಮನೆಯಲ್ಲಿ ನಾಲ್ಕು ಜನ 135 ಲೀಟರಿನಂತೆ ಬಳಸಿದರೆ ತಿಂಗಳಿಗೆ 16,200 ಲೀಟರ್. ನೀರಿನ ದರ 191 ರೂಪಾಯಿ. ವಠಾರದ ಮನೆಯ ಪಾಲು, 1,105ನ್ನು ಆರರಿಂದ ಭಾಗಿಸಿ, 184. ಹೆಚ್ಚುಕಡಿಮೆ ಅಷ್ಟೇ ದುಡ್ಡು, ಸಿಕ್ಕಿದ್ದು ಅರ್ಧ ನೀರು. ಈ ಲೆಕ್ಕವನ್ನು ನಾವು ಮೂರು ಸಲ ಮಾಡಿ ನೋಡಿದೆವು. ಮದ್ರಸದಲ್ಲಿ ಅನಂತರಾವಕಾಶದ ಪಾಲು ಹಂಚುವ ಲೆಕ್ಕ ಮಾಡಿ ಅಭ್ಯಾಸ ಇದ್ದವರಿಗೂ ಇದು ನಂಬಲಿಕ್ಕೆ ಕಷ್ಟವಾಯಿತು. ಬಡವರಿಗೆಂದು ಮಾಡಿದ ಅಗ್ಗದ ಹಂತ ಬಡವರಿಗೆ ಮುಟ್ಟುವುದೇ ಇಲ್ಲ. ಅದು ಮೀಟರಿಗೆ ಮುಟ್ಟುತ್ತದೆ. ಮೀಟರು ಇರುವುದು ಮಾಲಕರ ಹೆಸರಿನಲ್ಲಿ.

ಇದರ ಮೇಲೆ ಒಳಚರಂಡಿ ಶುಲ್ಕ, ಸಂಪಿನಿಂದ ಮೇಲೆತ್ತುವ ಮೋಟರಿನ ಕರೆಂಟು, ಬೇಸಿಗೆಯಲ್ಲಿ ಟ್ಯಾಂಕರು. 2024ರ ಮಾರ್ಚನ್ನು ಮರೆಯಲಿಕ್ಕುಂಟಾ? ನಗರದ ಸುಮಾರು 13,900 ಸರಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಸರಕಾರವೇ ಹೇಳಿತು. ಟ್ಯಾಂಕರಿನವರು ಬಾಯಿಗೆ ಬಂದ ದರ ಹೇಳತೊಡಗಿದಾಗ ಜಿಲ್ಲಾಡಳಿತ ಮಿತಿ ಹಾಕಿತು, ಐದು ಕಿಲೋಮೀಟರ್ ಒಳಗೆ 6 ಸಾವಿರ ಲೀಟರಿಗೆ 600 ರೂಪಾಯಿ. ಆ ಮಿತಿಯ ದರವೇ ಲೀಟರಿಗೆ 10 ಪೈಸೆ. ನಲ್ಲಿಯ ನೀರಿನ ಮೊದಲ ಹಂತ ಆಗ ಲೀಟರಿಗೆ 0.7 ಪೈಸೆ. ಕುಡಿಯಲು ಘಟಕದಿಂದ ಐದು ರೂಪಾಯಿ ನಾಣ್ಯ ಹಾಕಿ ತರುತ್ತಿದ್ದ ಇಪ್ಪತ್ತು ಲೀಟರಿನ ಕ್ಯಾನು ಲೀಟರಿಗೆ 25 ಪೈಸೆ ಬೀಳುತ್ತಿತ್ತು. ನಲ್ಲಿ ನಿಂತವರು ಕೊಡುವ ಬೆಲೆ ಇದು. ಬಿಲ್ಲು ಕಟ್ಟಲಾಗದೆ ವಾಲ್ವ್ ಮುಚ್ಚಿಸಿಕೊಂಡವರು ಕೊಡುವುದೂ ಇದನ್ನೇ. ಆರು ಮನೆಯ ಪಾಲು 184 ಆಗಬೇಕಾದಲ್ಲಿ 500 ಆದದ್ದು ಹೀಗೆ, ಸ್ವಲ್ಪ ಖರ್ಚಿನಿಂದ, ಸ್ವಲ್ಪ ಮಾಲಕರ ರೌಂಡು ಲೆಕ್ಕದಿಂದ. ಟ್ಯಾಂಕರು ತರಿಸಿದ ವರ್ಷ 500 ಮಾಡಿದರು, ಟ್ಯಾಂಕರು ನಿಂತ ಮೇಲೆ ಇಳಿಸಲು ಮರೆತರು. ಮರೆವು ಎಂದೇ ನಾವು ಕರೆಯುತ್ತೇವೆ.

ಈಗ ಸರಕಾರ ಏನು ಮಾಡಬಹುದು? ಕರೆಂಟಿನ ವಿಷಯದಲ್ಲಿ ಒಂದು ದಾರಿ ತೆರೆದದ್ದನ್ನು ನಾವು ಕಂಡಿದ್ದೇವೆ. 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆದಾರರಿಗೂ ಅದು ಸಿಗುವಂತೆ ಮಾಡಿದರು. ಮೀಟರು ಮಾಲಕರ ಹೆಸರಿನಲ್ಲಿದ್ದರೂ ಬಾಡಿಗೆಗೆ ಇರುವವನ ಆಧಾರ್ ಸೇರಿಸಿದರೆ ಸಾಕಾಯಿತು. ನಮ್ಮ ಮಾವಳ್ಳಿಯ ಎಷ್ಟೋ ಮನೆಗೆ ಆ ತಿಂಗಳಿನಿಂದ ಸೊನ್ನೆ ಬಿಲ್ಲು ಬಂತು. ನೀರಿಗೆ ಅಂಥದ್ದು ಇಲ್ಲ, ಯಾಕೆಂದರೆ ಕರೆಂಟಿನ ಮೀಟರು ಮನೆಗೊಂದು, ನೀರಿನದು ಗೇಟಿಗೊಂದು.

ಹಾಗಂತ ಎಲ್ಲರಿಗೂ ಇಷ್ಟು ಸಾವಿರ ಲೀಟರ್ ಪುಕ್ಕಟೆ ಎಂದು ಘೋಷಿಸಿದರೂ ಇದೇ ತೊಂದರೆ. ದಿಲ್ಲಿಯಲ್ಲಿ ತಿಂಗಳಿಗೆ 20 ಸಾವಿರ ಲೀಟರ್ ಉಚಿತ ಮಾಡಿದರು, ಆದರೆ ಮೀಟರಿರುವ ಮನೆಗೆ, ಮಿತಿ ದಾಟಿದರೆ ಪೂರ್ತಿ ಬಿಲ್ಲು. ದಕ್ಷಿಣ ಆಫ್ರಿಕದಲ್ಲಿ ಮನೆಗೆ 6 ಸಾವಿರ ಲೀಟರ್ ಉಚಿತ ಎಂಬ ನೀತಿ ಬಂದು ಎರಡು ದಶಕ ದಾಟಿತು. ಜೋಹಾನ್ಸ್‌ಬರ್ಗಿನ ಸೊವೆಟೊದಲ್ಲಿ ಫಿರಿ ಎಂಬ ಬಡಾವಣೆ ಉಂಟು, ಅಲ್ಲಿಯೂ ನಮ್ಮ ವಠಾರದ ಹಾಗೆಯೇ ಒಂದೇ ಅಂಗಳದಲ್ಲಿ ಹಲವು ಸಂಸಾರ. ಅಂಗಳಕ್ಕೊಂದು ಮುಂಗಡ ದುಡ್ಡಿನ ಮೀಟರು. ಉಚಿತ ನೀರು ತಿಂಗಳು ಮುಗಿಯುವ ಮುಂಚೆಯೇ ಮುಗಿದು ನಲ್ಲಿ ತಾನಾಗಿ ನಿಲ್ಲುತ್ತಿತ್ತು. ಐವರು ನಿವಾಸಿಗಳು ಕೋರ್ಟಿಗೆ ಹೋದರು. ಕೆಳಗಿನ ಕೋರ್ಟು ಒಬ್ಬರಿಗೆ ದಿನಕ್ಕೆ 50 ಲೀಟರ್ ಕೊಡಿ ಎಂದಿತು, ಮೇಲಿನದು 42 ಎಂದಿತು. ಕೊನೆಗೆ 2009ರಲ್ಲಿ ಸಂವಿಧಾನ ನ್ಯಾಯಾಲಯ ನಗರಾಡಳಿತದ ಪರವಾಗಿ ತೀರ್ಪು ಕೊಟ್ಟಿತು. ಅವರು ಸೋತರು. ಆದರೆ ಅವರು ಎತ್ತಿದ ಪ್ರಶ್ನೆ ನಮ್ಮದೇ. ಲೆಕ್ಕ ಮೀಟರಿಗೋ, ಮನುಷ್ಯರಿಗೋ? ಅಮೆರಿಕದ ಫಿಲಡೆಲ್ಫಿಯ ನಗರ 2017ರಿಂದ ಬೇರೆ ದಾರಿ ಹಿಡಿದಿದೆ. ಅಲ್ಲಿ ಬಡ ಕುಟುಂಬದ ನೀರಿನ ಬಿಲ್ಲನ್ನು ಬಳಕೆಯ ಮೇಲಲ್ಲ, ಆದಾಯದ ಇಂತಿಷ್ಟು ಭಾಗ ಎಂದು ಹಾಕುತ್ತಾರೆ. ಕಡಿತ ಮಾಡಿ ಆಮೇಲೆ ಓಡಾಡುವುದಕ್ಕಿಂತ, ಕೊಡಲಾಗುವಷ್ಟನ್ನು ತಪ್ಪದೆ ವಸೂಲಿ ಮಾಡುವುದು ಮೇಲು ಎಂದು ಅವರ ಲೆಕ್ಕ.

ಅಷ್ಟು ದೂರ ಹೋಗುವುದೂ ಬೇಡ. ನಡೆದು ಹೋಗುವಷ್ಟು ದೂರದ ಸುಧಾಮನಗರದ ಕೊಳೆಗೇರಿಯಲ್ಲಿ, 2000ದ ಆಸುಪಾಸಿನಲ್ಲಿ, ಆಸ್ಟ್ರೇಲಿಯ ಸರಕಾರದ ನೆರವಿನೊಂದಿಗೆ ಜಲಮಂಡಳಿಯೇ ಒಂದು ಪ್ರಯೋಗ ಮಾಡಿತ್ತು. ಸಿಮೆಂಟ್ ಹಟ್ಸ್, ಚಂದ್ರನಗರಗಳಲ್ಲೂ. ಹಕ್ಕುಪತ್ರ ಇಲ್ಲದಿದ್ದರೆ ಸಂಪರ್ಕ ಇಲ್ಲ ಎಂಬ ಹಟ ಬಿಟ್ಟು ರೇಷನ್ ಕಾರ್ಡು, ಓಟರ್ ಐಡಿಯಂಥ ವಿಳಾಸದ ಪುರಾವೆ ಸಾಕೆಂದರು. ಸಂಪರ್ಕ ಶುಲ್ಕ ಇಳಿಸಿದರು. ಒಂಟಿಯಾಗಿ ಕಟ್ಟಲಾಗದವರು ಗುಂಪಾಗಿ ಒಂದು ಸಂಪರ್ಕ ಪಡೆದು ಬಿಲ್ಲು ಹಂಚಿಕೊಳ್ಳಲು ಬಿಟ್ಟರು. ಮಂಡಳಿಯಲ್ಲಿ ಬಡವರ ವಿಷಯ ನೋಡಲು ಸಾಮಾಜಿಕ ಅಭಿವೃದ್ಧಿ ಘಟಕವೇ ಆಯಿತು. ಬಡವರು ಬಿಲ್ಲು ಕಟ್ಟುವುದಿಲ್ಲ ಎಂಬ ಮಾತು ಸುಳ್ಳೆಂದು ತಿಳಿಯುವುದಕ್ಕೆ ಆ ಪ್ರಯೋಗ ಬೇಕಾಯಿತು. ಬಿಲ್ಲು ತಮ್ಮ ಹೆಸರಿಗೆ, ತಮಗೆ ಅರ್ಥವಾಗುವ ಹಾಗೆ ಬಂದರೆ ಕಟ್ಟುವವರೇ ಹೆಚ್ಚು.

ಹಾಗಾಗಿ ಮಂಡಳಿಯವರಲ್ಲಿ ನಾವು ಕೇಳುವುದು ಪುಕ್ಕಟೆ ನೀರನ್ನಲ್ಲ. ವಠಾರದ ಸಂಪರ್ಕಕ್ಕೆ ಒಳಗೆ ಎಷ್ಟು ಸಂಸಾರ ಉಂಟೆಂದು ರೇಷನ್ ಕಾರ್ಡಿನ ಮೇಲೆ ಬರೆದುಕೊಳ್ಳಲಿ, ಅಷ್ಟು ಸಲ ಮೊದಲ ಹಂತದ ದರ ಕೊಡಲಿ. ಆರು ಸಂಸಾರ ಇದ್ದರೆ 48 ಸಾವಿರ ಲೀಟರಿನವರೆಗೆ ಮೊದಲ ದರ. ಹೊಸ ಸಂಪರ್ಕದ ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಸರಳ ಕಾವೇರಿ ಎಂದು ಯೋಜನೆ ಮಾಡಿದ್ದಾರೆ, ಒಳ್ಳೆಯದಾಯಿತು. ಬಡವರ ಬಾಕಿಗೂ ಅದೇ ರೀತಿ ಕಂತು ಮಾಡಬಹುದಲ್ಲ? ಬಾಕಿ ಇದ್ದರೂ ಕುಡಿಯುವಷ್ಟು ನೀರು ನಿಲ್ಲಿಸಬಾರದು. ನೀರು ಮನುಷ್ಯನ ಹಕ್ಕು ಎಂದು ವಿಶ್ವಸಂಸ್ಥೆ 2010ರಲ್ಲಿ ನಿರ್ಣಯ ಮಾಡಿದಾಗ ಪರವಾಗಿ ಮತ ಹಾಕಿದ ದೇಶಗಳಲ್ಲಿ ನಮ್ಮದೂ ಒಂದು.

ಇದನ್ನು ಬರೆದು ಕೈ ತೊಳೆದುಕೊಂಡರೆ ಓದಿದವರು ಹೌದು ಹೌದು ಎಂದು ಪೇಪರು ಮಡಚಿಡುತ್ತಾರೆ. ನಮ್ಮೊಳಗಿನ ಮಾತು ಬಾಕಿ ಉಂಟು.

ಈ ಪುಟ ಓದುವ ಮನೆಗಳಲ್ಲಿ ಬಾಡಿಗೆಗೆ ಇರುವವರೂ ಇದ್ದಾರೆ, ಬಾಡಿಗೆಗೆ ಕೊಟ್ಟವರೂ ಇದ್ದಾರೆ. ಜೆ.ಸಿ. ರಸ್ತೆ, ಕಲಾಸಿಪಾಳ್ಯದಲ್ಲಿ ವ್ಯಾಪಾರ ಮಾಡಿ ಸುತ್ತಮುತ್ತ ಕಟ್ಟಡ ಮಾಡಿಕೊಂಡವರು ನಮ್ಮಲ್ಲಿ ಎಷ್ಟೋ ಜನ. ಅಲ್ಲಾಹನು ಬರಕತ್ ಕೊಡಲಿ. ಮಾಲಕರೇ, ನಿಮ್ಮಲ್ಲಿ ಕೇಳುವುದಿಷ್ಟೆ. ಮಂಡಳಿಯ ಬಿಲ್ಲನ್ನು ಗೇಟಿನ ಒಳಗೆ ಎಲ್ಲರಿಗೂ ಕಾಣುವಂತೆ ಅಂಟಿಸಿ. ಮನೆಗೊಂದು ಸಬ್ ಮೀಟರ್ ಹಾಕಿಸಿ, ಪೇಂಟಿಂಗಿಗೆ ಮಾಡುವ ಖರ್ಚಿಗಿಂತ ಅದು ಹೆಚ್ಚಲ್ಲ. ಬಂದ ಬಿಲ್ಲನ್ನು ರೀಡಿಂಗಿನಂತೆ ಹಂಚಿ, ರೌಂಡು ಮಾಡಬೇಡಿ. ಬಿಲ್ಲಿನಲ್ಲಿ ನಿಮ್ಮ ಕಟ್ಟಡವನ್ನು ಎಷ್ಟು ಮನೆಯೆಂದು ದಾಖಲಿಸಿದ್ದಾರೆ ಎಂದು ಉಪವಿಭಾಗದ ಕಚೇರಿಯಲ್ಲಿ ಬರೆದುಕೊಟ್ಟು ಕೇಳಿ. ಮೀಟರು ಕೆಟ್ಟಿದ್ದರೆ, ರೀಡಿಂಗಿನಲ್ಲಿ ತಕರಾರಿದ್ದರೆ ಮಂಡಳಿಯ ನೀರಿನ ಅದಾಲತ್ ಉಂಟು, 1916 ಸಹಾಯವಾಣಿ ಉಂಟು.

ಇನ್ನು ವಾಲ್ವ್. ಬಾಡಿಗೆ ಬಾಕಿಗೆ, ಬಿಲ್ಲು ಬಾಕಿಗೆ ನೀರು ಮುಚ್ಚುವುದನ್ನು ದಯವಿಟ್ಟು ಬಿಡಿ. ತನಗೆ ಬೇಕಾಗಿ ಮಿಕ್ಕಿದ ನೀರನ್ನು ತಡೆದಿಡುವುದನ್ನು ಪ್ರವಾದಿ (ಸ.ಅ.) ಅವರು ಎಷ್ಟು ಕಟುವಾಗಿ ವಿರೋಧಿಸಿದ್ದಾರೆ ಎಂಬುದು ಮಿಂಬರಿನ ಕೆಳಗೆ ಕೂತು ಕೇಳಿದ ನಿಮಗೆ ನಾವು ಹೇಳಬೇಕಿಲ್ಲ. ಬಾಕಿಯನ್ನು ವಸೂಲಿ ಮಾಡಲು ಜಮಾಅತಿನ ಹಿರಿಯರಲ್ಲಿ ಹೇಳಿ, ಕಂತು ಮಾಡಿ, ಬೇರೆ ದಾರಿ ನೂರು ಉಂಟು.

ಝಕಾತಿನ ಬಗ್ಗೆ ಹಲವರು ಕೇಳಿದ್ದರಿಂದ ಎರಡು ಮಾತು. ಅಗತ್ಯಕ್ಕಾಗಿ ಸಾಲವಾಗಿ ತೀರಿಸಲಾಗದವರು ಝಕಾತಿನ ಎಂಟು ಹಕ್ಕುದಾರರಲ್ಲಿ ಒಂದು ಗುಂಪು. ನೀರಿನ ಬಾಕಿಯೂ ಸಾಲವೇ. ಆದರೆ ನಮ್ಮ ಮದ್‌ಹಬಿನಲ್ಲಿ ಝಕಾತ್ ಹಕ್ಕುದಾರರ ಕೈ ಸೇರಬೇಕು. ಅವರಿಗೆ ಗೊತ್ತಿಲ್ಲದ ಹಾಗೆ ನೀವೇ ಹೋಗಿ ಮಾಲಕರಿಗೆ ಕಟ್ಟಿ ಬಂದರೆ ಝಕಾತ್ ವೀಡುವುದಿಲ್ಲ, ಅವರ ಅನುಮತಿ ಬೇಕು. ಅವರ ಕೈಗೇ ಕೊಡುವುದು ಇನ್ನೂ ಒಳ್ಳೆಯದು, ಮರ್ಯಾದೆಯೂ ಉಳಿಯುತ್ತದೆ. ಮಾಲಕರು ಬಾಕಿ ಬಿಟ್ಟುಕೊಟ್ಟು, ಅದನ್ನೇ ನನ್ನ ಝಕಾತಿನ ಲೆಕ್ಕಕ್ಕೆ ಹಿಡಿದೆ ಎನ್ನುವುದು ಸಲ್ಲುವುದಿಲ್ಲ. ಬಿಟ್ಟುಕೊಡುವುದು ದೊಡ್ಡ ಪುಣ್ಯ, ಝಕಾತ್ ಬೇರೆ. ಪೈಪು, ಸಬ್ ಮೀಟರು, ಟ್ಯಾಂಕರಿಗೆ ಝಕಾತ್ ಬಳಸುವಂತಿಲ್ಲ, ಅದಕ್ಕೆ ಸದಕ ಉಂಟು. ತಾಯಿ ತೀರಿಕೊಂಡಾಗ ಅವರ ಹೆಸರಿನಲ್ಲಿ ಯಾವ ಸದಕ ಉತ್ತಮ ಎಂದು ಸಅದ್ ಇಬ್ನು ಉಬಾದ (ರ) ಕೇಳಿದ್ದಕ್ಕೆ ಸಿಕ್ಕ ಉತ್ತರ ನೀರು ಎಂದೇ. ಅವರು ಬಾವಿ ತೋಡಿಸಿದರು. ಮಾವಳ್ಳಿಯಲ್ಲಿ ಬಾವಿ ತೋಡಲು ಜಾಗ ಇಲ್ಲ, ನೀರೂ ಇಲ್ಲ. ಇಲ್ಲಿಯ ಬಾವಿ ಎಂದರೆ ಒಂದು ಆರ್.ಆರ್. ನಂಬರು.

ಸದಕದಲ್ಲಿ ಇನ್ನೊಂದು ಅನುಕೂಲ. ಝಕಾತ್ ನಮ್ಮವರಿಗೆ ಮಾತ್ರ, ಸದಕ ಎಲ್ಲರಿಗೂ ಕೊಡಬಹುದು. ಆ ವಠಾರದ ಆರು ಮನೆಗಳಲ್ಲಿ ಎರಡು ತಮಿಳು ಮಾತಾಡುವವರದು, ಒಂದು ಮನೆ ಉರ್ದು, ಒಂದು ಮನೆ ಹೂ ಕಟ್ಟುವ ಅಜ್ಜಿಯದು. ಪೈಪು ಒಂದೇ. ಮಗುವಿನ ಮನೆಯ ನಲ್ಲಿ ನಿಂತ ದಿನಗಳಲ್ಲಿ ರಾತ್ರಿ ಒಂದೊಂದು ಬಿಂದಿಗೆ ತಂದಿಟ್ಟವರು ಆ ಅಜ್ಜಿ ಎಂದು ತಾಯಿ ಹೇಳಿದರು. ಅವರದ್ದೂ ಎರಡು ತಿಂಗಳ ಬಾಕಿ ಇತ್ತು.

ಪಳ್ಳಿಗಳೂ ತಮ್ಮ ನಲ್ಲಿಯನ್ನು ನೋಡಿಕೊಳ್ಳಬೇಕು. ಪ್ರವಾದಿ (ಸ.ಅ.) ಅವರು ಒಂದು ಮುದ್ದ್ ನೀರಿನಲ್ಲಿ ವುಳೂ ಮಾಡುತ್ತಿದ್ದರು, ಅದು ಒಂದು ಲೀಟರಿಗಿಂತಲೂ ಕಡಿಮೆ. ನಾವು ನಲ್ಲಿ ಪೂರ್ತಿ ಬಿಟ್ಟು, ಪಕ್ಕದವರೊಡನೆ ಮಾತಾಡುತ್ತಾ ಕಾಲು ತೊಳೆಯುತ್ತೇವೆ. ಒಂದು ಪಳ್ಳಿಯಲ್ಲಿ ಉಳಿಸಿದ ನೀರಿನಿಂದ ಬಡವರ ಬಿಲ್ಲು ಇಳಿಯುವುದಿಲ್ಲ, ಅದು ಗೊತ್ತು. ಆದರೂ ಪಳ್ಳಿಯ ನೀರಿನ ಬಿಲ್ಲು ಎಷ್ಟೆಂದು ಕಮಿಟಿಯವರು ಒಮ್ಮೆ ಜುಮಾ ದಿನ ಓದಿ ಹೇಳಲಿ, ಬಾಡಿಗೆ ಮನೆಗಳ ಬಿಲ್ಲಿನ ಮಾತು ಅಲ್ಲಿಂದಲೇ ಶುರುವಾಗಲಿ.

ನಮ್ಮ ಮದ್ರಸದ ಕಮಿಟಿ ಕಳೆದ ತಿಂಗಳು ಎರಡು ತೀರ್ಮಾನ ಮಾಡಿತು. ವುಳೂ ನಲ್ಲಿಯ ಪಕ್ಕದಲ್ಲಿ ಇನ್ನೊಂದು ನಲ್ಲಿ ಹಾಕಿಸಿದೆವು, ಅದರ ಪೈಪು, ಟ್ಯಾಂಕು ಬೇರೆ, ಖರ್ಚು ಸದಕದಿಂದ. ಅದರ ನೀರು ಯಾರು ಬೇಕಾದರೂ ಮನೆಗೆ ಒಯ್ಯಬಹುದು. ಎರಡನೆಯದು, ಪ್ರತಿ ತಿಂಗಳು ಹತ್ತನೇ ತಾರೀಖಿನ ಒಳಗೆ ಸುತ್ತಲಿನ ವಠಾರಗಳ ಬಾಕಿ ಬಿಲ್ಲು ಇದ್ದವರು ಬಿಲ್ಲಿನ ಫೋಟೊ ತಂದು ಕೊಟ್ಟರೆ, ಹೆಸರು ಬರೆಯದೆ ಆರ್.ಆರ್. ನಂಬರಿಗೆ ಆನ್‌ಲೈನ್‌ನಲ್ಲಿ ಕಟ್ಟುವುದು. ಮೊದಲ ತಿಂಗಳು ಏಳು ಬಿಲ್ಲು ಬಂತು. ಏಳರಲ್ಲಿ ಎರಡು ಸೋರುವ ಸಿಸ್ಟರ್ನಿನಿಂದ ಏರಿದ ಬಿಲ್ಲು, ಪ್ಲಂಬರ್ ಹೋಗಿ ಸರಿ ಮಾಡಿದ. ಒಂದು ಮೀಟರು ಓಡುತ್ತಲೇ ಇರಲಿಲ್ಲ. ಉಳಿದ ನಾಲ್ಕನ್ನು ಕಟ್ಟಿದೆವು.

ಆ ಮಾಲಕರು ಈಗ ಸಬ್ ಮೀಟರ್ ಹಾಕಿಸುತ್ತಿದ್ದಾರೆ. ಆರರಲ್ಲಿ ನಾಲ್ಕು ಆಗಿದೆ, ಇನ್ನೆರಡಕ್ಕೆ ಪ್ಲಂಬರ್ ಬರಬೇಕು. ಮಗು ಬಾಟಲಿ ತರುವುದು ಬಿಟ್ಟಿದೆ.